ದಂಡಿನಿಂದ ಕೊರಿಯಾಕ್ಕೆ: ಜನರಲ್ ತಿಮ್ಮಯ್ಯ ಹಿಡಿದ ನಡುದಾರಿ

1952ರ ಮೇ 7. ಕೊರಿಯಾದ ದಕ್ಷಿಣ ತೀರದ ಕೋಜೆ ದ್ವೀಪದಲ್ಲಿ ಅಮೆರಿಕದ ಸೇನೆ ಯುದ್ಧಕೈದಿಗಳ ದೊಡ್ಡ ಶಿಬಿರವೊಂದನ್ನು ನಡೆಸುತ್ತಿತ್ತು. ಅದರ ಮುಖ್ಯಾಧಿಕಾರಿ ಬ್ರಿಗೇಡಿಯರ್ ಜನರಲ್ ಫ್ರಾನ್ಸಿಸ್ ಡಾಡ್ ಕೈದಿಗಳ ದೂರು ಕೇಳಲು ಬೇಲಿಯ ಬಾಗಿಲವರೆಗೆ ಹೋದರು. ಮಾತು ನಡೆಯುತ್ತಿರುವಾಗಲೇ ಕೈದಿಗಳು ಅವರನ್ನು ಒಳಕ್ಕೆ ಎಳೆದುಕೊಂಡರು. ಸೆರೆಮನೆಯ ಒಡೆಯನೇ ಸೆರೆಯಾದ. ಅವರನ್ನು ಬಿಡಿಸಿಕೊಳ್ಳಲು ಬ್ರಿಗೇಡಿಯರ್ ಜನರಲ್ ಚಾರ್ಲ್ಸ್ ಕೋಲ್ಸನ್ ಕೈದಿಗಳು ಬಯಸಿದ ಹೇಳಿಕೆಗೆ ರುಜು ಹಾಕಬೇಕಾಯಿತು. ಡಾಡ್ ಬದುಕಿ ಹೊರಬಂದರು. ಆದರೆ ಇಬ್ಬರನ್ನೂ ಕರ್ನಲ್ ಹುದ್ದೆಗೆ ಇಳಿಸಲಾಯಿತು. ಮುಂದಿನ ತಿಂಗಳು ಅದೇ ಶಿಬಿರಕ್ಕೆ ಟ್ಯಾಂಕುಗಳೂ ಪ್ಯಾರಾಟ್ರೂಪರುಗಳೂ ನುಗ್ಗಿದರು. ಶಿಬಿರ ಹತೋಟಿಗೆ ಬರುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಕೈದಿಗಳ ಪ್ರಾಣ ಹೋಗಿತ್ತು.

ಮರುವರ್ಷದ ಸೆಪ್ಟೆಂಬರ್‌ನಲ್ಲಿ ಪನ್ಮುಂಜೊಮ್ ಹತ್ತಿರದ ಇನ್ನೊಂದು ಶಿಬಿರದಲ್ಲಿ ಹೆಚ್ಚುಕಡಿಮೆ ಅದೇ ಘಟನೆ ಮರುಕಳಿಸಿತು. ಈ ಸಲ ಕಾವಲಿಗಿದ್ದವರು ಭಾರತದ ಸೈನಿಕರು. ಚೀನೀ ಕೈದಿಗಳು ಮೇಜರ್ ಗ್ರೇವಾಲ್ ಎಂಬ ಭಾರತೀಯ ಅಧಿಕಾರಿಯನ್ನು ಹಿಡಿದಿಟ್ಟುಕೊಂಡರು. ಕಾವಲುಪಡೆಯ ಮುಖ್ಯಸ್ಥ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾತ್ ಬೆರಳೆಣಿಕೆಯ ಜನರನ್ನು ಕರೆದುಕೊಂಡು ತಾವೇ ಬೇಲಿಯೊಳಕ್ಕೆ ಹೋದರು. ಕೈದಿಗಳು ಅವರನ್ನೂ ಸುತ್ತುವರಿದರು. ಥೋರಾತ್ ಕೂತು ಮಾತಾಡಿದರು, ಕೈದಿಗಳು ಆಡುವುದನ್ನೆಲ್ಲ ಕೇಳಿಸಿಕೊಂಡರು, ಕೊನೆಗೆ ಗ್ರೇವಾಲರೊಂದಿಗೆ ಹೊರಗೆ ಬಂದರು. ಆ ದಿನ ಒಂದು ಗುಂಡೂ ಹಾರಲಿಲ್ಲ.

ಆ ಶಿಬಿರದ ಆಗುಹೋಗುಗಳಿಗೆಲ್ಲ ಕೊನೆಯ ಹೊಣೆ ಹೊತ್ತಿದ್ದವರು ಕೊಡಗಿನಲ್ಲಿ ಹುಟ್ಟಿ, ಬೆಂಗಳೂರಿನ ದಂಡಿನಲ್ಲಿ ಓದಿ, ಅದೇ ದಂಡಿನಲ್ಲಿ ಅಧಿಕಾರಿಯಾಗಿ ಮೊದಲ ಹೆಜ್ಜೆ ಇಟ್ಟ ಲೆಫ್ಟಿನೆಂಟ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭೂಸೇನೆಯ ಮುಖ್ಯಸ್ಥರಾಗಿದ್ದವರೆಂದು ಅವರನ್ನು ನಾವೆಲ್ಲ ಬಲ್ಲೆವು. ಆದರೆ ಅವರ ನಿಜವಾದ ಎತ್ತರ ತಿಳಿಯುವುದು ಹಗೆಗಳಿಬ್ಬರ ನಡುವೆ ನಿಂತು, ಯಾರ ಕಡೆಗೂ ವಾಲದೆ, ಕೈಗೆ ಒಪ್ಪಿಸಿದ ಜೀವಗಳನ್ನು ಕಾಯಬೇಕಾಗಿ ಬಂದ ಗಳಿಗೆಗಳಲ್ಲಿ. ಅಂಥ ಗಳಿಗೆಗಳು ಅವರ ಬಾಳಿನಲ್ಲಿ ಮತ್ತೆ ಮತ್ತೆ ಬಂದವು.

ದಂಡಿನ ದಿನಗಳು

ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಮನೆತನ. ಮುಂದೆ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರೂ ಇದೇ ಕೊಡಂದೇರ ಒಕ್ಕದವರು (ಮನೆತನದವರು). ಎಂಟನೆಯ ವಯಸ್ಸಿಗೆ ಬಾಲಕ ತಿಮ್ಮಯ್ಯ ಕೂನೂರಿನ ಸೇಂಟ್ ಜೋಸೆಫ್ ಶಾಲೆ ಸೇರಿದ. ಅಲ್ಲಿಂದ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಬಂದ.

ಆ ಕಾಲಕ್ಕೆ ಬೆಂಗಳೂರು ಎಂದರೆ ಎರಡು ಊರು. ಪಶ್ಚಿಮಕ್ಕೆ ಮೈಸೂರು ಮಹಾರಾಜರ ಆಳ್ವಿಕೆಯ ಪೇಟೆ. ಪೂರ್ವಕ್ಕೆ ಬ್ರಿಟಿಷ್ ರೆಸಿಡೆಂಟರ ಅಧೀನದ ದಂಡು. ಶ್ರೀರಂಗಪಟ್ಟಣದ ಹವೆ ಸಿಪಾಯಿಗಳಿಗೆ ಒಗ್ಗದೆ ಜ್ವರ ಹೆಚ್ಚಿದಾಗ, 1809ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಹಲಸೂರಿನ ಬಯಲಿಗೆ ಬಂದು ನೆಲೆಸಿದವು. ಪರೇಡ್ ಮೈದಾನದ ದಕ್ಷಿಣಕ್ಕೆ ಸೌತ್ ಪೆರೇಡ್, ಅದರ ಪೂರ್ವದ ತುದಿಯಲ್ಲಿ ಟ್ರಿನಿಟಿ ಚರ್ಚು, ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್ಸ್ ಪಡೆಯ ಬ್ಯಾರಕ್ಕುಗಳು. ಈಗ ಶಿವಾಜಿನಗರವಾಗಿರುವ ಬ್ಲ್ಯಾಕ್‌ಪಳ್ಳಿಯಲ್ಲಿ ದಂಡಿಗೆ ದಿನಸಿ, ಮಾಂಸ, ಬಟ್ಟೆ ಒದಗಿಸುವ ತಮಿಳು ಮತ್ತು ಉರ್ದು ಮಾತಿನ ಜನ. ಬಂಗಲೆಗಳ ಸಾಲಿನಲ್ಲಿ ಬ್ರಿಟಿಷ್ ಅಧಿಕಾರಿಗಳು. ಯಾರು ಎಲ್ಲಿ ವಾಸಿಸಬೇಕು, ಯಾರು ಯಾವ ಬಾಗಿಲಿನಿಂದ ಒಳಗೆ ಬರಬೇಕು ಎಂಬುದೆಲ್ಲ ಅಲ್ಲಿ ಮೊದಲೇ ಗೊತ್ತುಪಡಿಸಿದ್ದ ಸಂಗತಿ. ಬಣ್ಣ ನೋಡಿ ಮನುಷ್ಯನನ್ನು ಅಳೆಯುವ ಲೋಕದ ಒಳಗೇ ತಿಮ್ಮಯ್ಯ ಬೆಳೆದರು.

ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಮೊದಲ ಮಹಾಯುದ್ಧದ ಬಳಿಕವಷ್ಟೇ ಸ್ಯಾಂಡ್‌ಹರ್ಸ್ಟಿನ ಬಾಗಿಲು ಭಾರತೀಯರಿಗೆ ತೆರೆದಿತ್ತು, ಅದೂ ವರ್ಷಕ್ಕೆ ಹತ್ತೇ ಜಾಗ. 1926ರ ಫೆಬ್ರವರಿಯಲ್ಲಿ ತಿಮ್ಮಯ್ಯನವರಿಗೆ ಕಮಿಷನ್ ದೊರೆಯಿತು. ಹೊಸ ಭಾರತೀಯ ಅಧಿಕಾರಿ ಮೊದಲು ಒಂದು ಬ್ರಿಟಿಷ್ ಪಡೆಯಲ್ಲಿ ಕೆಲಸ ಕಲಿಯಬೇಕೆಂಬುದು ಆಗಿನ ನಿಯಮ. ಅವರಿಗೆ ಸಿಕ್ಕಿದ್ದು ಬೆಂಗಳೂರಿನ ದಂಡಿನಲ್ಲಿದ್ದ ಹೈಲ್ಯಾಂಡ್ ಲೈಟ್ ಇನ್‌ಫಂಟ್ರಿ ಎಂಬ ಸ್ಕಾಟಿಷ್ ರೆಜಿಮೆಂಟು. ಶಾಲೆ ಕಲಿತ ಊರಿಗೇ ರಾಜಮುದ್ರೆಯ ಕಮಿಷನ್ ಹೊತ್ತು ಬಂದರು.

1927ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿಗೆ ಅವರ ನೇಮಕವಾಯಿತು. ಅದು ‘ಭಾರತೀಕರಣ’ಕ್ಕೆಂದು ಸರ್ಕಾರ ಆಯ್ದಿದ್ದ ಎಂಟು ಘಟಕಗಳಲ್ಲಿ ಒಂದು. ಭಾರತೀಯ ಅಧಿಕಾರಿಗಳನ್ನೆಲ್ಲ ಈ ಎಂಟರೊಳಗೇ ಇಟ್ಟರೆ ಬ್ರಿಟಿಷ್ ಅಧಿಕಾರಿಗಳು ಅವರ ಕೈಕೆಳಗೆ ದುಡಿಯುವ ಪ್ರಸಂಗ ಬರುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕಾಚಾರ. ದೇಶದಲ್ಲಿ ಸ್ವಾತಂತ್ರ್ಯದ ಹೋರಾಟ ಬಿಸಿಯೇರುತ್ತಿದ್ದ ದಿನಗಳವು. ಸಮವಸ್ತ್ರ ಕಳಚಿಡಬೇಕೇ ಎಂಬ ಪ್ರಶ್ನೆ ತಿಮ್ಮಯ್ಯನವರನ್ನೂ ಕಾಡಿತು. ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ತಿಮ್ಮಯ್ಯನವರಿಗೆ ಹೇಳಿದ ಬುದ್ಧಿಮಾತು ಪ್ರಸಿದ್ಧವಾಗಿದೆ. ನಾಳೆ ಸ್ವತಂತ್ರ ಭಾರತಕ್ಕೆ ಪಳಗಿದ ಸೇನಾಧಿಕಾರಿಗಳು ಬೇಕಾಗುತ್ತಾರೆ, ಅಲ್ಲೇ ಇದ್ದು ಕಲಿತುಕೊಳ್ಳಿ ಎಂಬುದು ಅದರ ಸಾರ. ತಿಮ್ಮಯ್ಯ ಸೇನೆಯಲ್ಲೇ ಉಳಿದರು.

1935ರ ಜನವರಿಯಲ್ಲಿ ನೀನಾ ಕಾರ್ಯಪ್ಪ ಅವರೊಂದಿಗೆ ಮದುವೆಯಾಯಿತು. ಅದೇ ವರ್ಷದ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ನಗರ ಭೂಕಂಪಕ್ಕೆ ಕುಸಿದುಬಿತ್ತು. ಸತ್ತವರ ಸಂಖ್ಯೆ ಮೂವತ್ತು ಸಾವಿರ ಮೀರಿತ್ತು. ಅಲ್ಲಿದ್ದ ಹೊಸ ದಂಪತಿ ಗಾಯಾಳುಗಳ ಸೇವೆಗೆ ನಿಂತರು. ನೀನಾ ಅವರ ದುಡಿಮೆಗೆ ಕೈಸರ್-ಇ-ಹಿಂದ್ ಪದಕ ಸಂದಿತು.

ಒಂದೇ ಮನೆಯ ಮೂವರು

ಎರಡನೇ ಮಹಾಯುದ್ಧ ಆ ಮನೆಯನ್ನೇ ಎರಡಾಗಿಸಿತು. ಅಣ್ಣ ಪೊನ್ನಪ್ಪ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು. ತಿಮ್ಮಯ್ಯ ಬರ್ಮಾದ ಅರಾಕಾನ್ ಕಾಡುಗಳಲ್ಲಿ ಜಪಾನೀಯರ ವಿರುದ್ಧ ಕಾದಾಡುತ್ತಿದ್ದರು. ತಮ್ಮ ಸೋಮಯ್ಯ ಕೂಡ ಸೇನೆಯ ಅಧಿಕಾರಿ. ಮುಂದೆ ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬ್ ಸಿಡಿದು ಅವರು ಪ್ರಾಣ ತೆತ್ತರು. ಒಂದೇ ತಾಯಿಯ ಮಕ್ಕಳು, ಮೂವರೂ ಮನಸ್ಸಾರೆ ದೇಶಕ್ಕೆಂದೇ ದುಡಿದವರು. ಎದುರು ಬಣದಲ್ಲಿ ನಿಂತವನು ಕೇಡಿಗನೇ ಆಗಿರಬೇಕಿಲ್ಲ ಎಂಬುದನ್ನು ತಿಮ್ಮಯ್ಯ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1945ರ ಆರಂಭದಲ್ಲಿ ಅರಾಕಾನ್‌ನ ಕಾಂಗಾವ್ ಎಂಬಲ್ಲಿ ಘೋರ ಕದನ ನಡೆಯಿತು. 51ನೇ ಭಾರತೀಯ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ಥೋರಾತ್, ಎಲ್.ಪಿ. ಸೇನ್. ಮೂವರಿಗೂ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಪದಕ ದೊರೆಯಿತು. ಎಂಟು ಘಟಕಗಳ ಬೇಲಿ ಹಾಕಿದ್ದ ಹಳೆಯ ಲೆಕ್ಕಾಚಾರಕ್ಕೆ ರಣರಂಗವೇ ಉತ್ತರ ಕೊಟ್ಟಿತ್ತು. ಆ ಮಹಾಯುದ್ಧದಲ್ಲಿ ಪದಾತಿ ಬ್ರಿಗೇಡೊಂದನ್ನು ಯುದ್ಧಭೂಮಿಯಲ್ಲಿ ನಡೆಸಿದ ಏಕೈಕ ಭಾರತೀಯರೆಂಬ ಹೆಗ್ಗಳಿಕೆಯೂ ತಿಮ್ಮಯ್ಯನವರದೇ. ಯುದ್ಧ ಮುಗಿದ ಮೇಲೆ 268ನೇ ಬ್ರಿಗೇಡಿನೊಂದಿಗೆ ಜಪಾನಿಗೆ ಹೋದರು. ಅಮೆರಿಕದ ಜನರಲ್ ಡಗ್ಲಸ್ ಮ್ಯಾಕ್‌ಆರ್ಥರ್ ಸರ್ವೋಚ್ಚ ದಂಡನಾಯಕರಾಗಿದ್ದ ಆ ಸೋತ ದೇಶದಲ್ಲಿ, ಗೆದ್ದವನು ಸೋತವನ ಮನೆಯಂಗಳದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ಪಾಠ ಅವರಿಗೆ ಆಯಿತು.

ಹಲಸೂರಿನ ತಂಬಿಗಳು, ಜೋಜಿ ಲಾದ ಟ್ಯಾಂಕುಗಳು

ದೇಶ ಇಬ್ಭಾಗವಾದಾಗ ತಿಮ್ಮಯ್ಯನವರ ಪಾಲಿಗೆ ಬಂದದ್ದು ಪಂಜಾಬ್. ನಿರಾಶ್ರಿತರ ಸಾಲುಗಳು ಎರಡೂ ಕಡೆಗೆ ಹರಿಯುತ್ತಿದ್ದ ಆ ನೆತ್ತರ ದಿನಗಳಲ್ಲಿ ಅವರನ್ನು ಕಾಪಾಡುವ ಹೊಣೆ ಸೇನೆಯ ಮೇಲಿತ್ತು. ಪಾಕಿಸ್ತಾನದೊಂದಿಗೆ ಯುದ್ಧ ನಡೆಯುತ್ತಿದ್ದ 1948ರಲ್ಲಿ ಕಾಶ್ಮೀರ ಕಣಿವೆಯ ಹೊಣೆ ಹೆಗಲಿಗೇರಿತು. ಲೇಹ್ ಶತ್ರುವಿನ ಕೈಸೇರುವ ಅಪಾಯವಿದ್ದಾಗ, ಏರ್ ಕಮೊಡೋರ್ ಮೆಹರ್ ಸಿಂಗ್ ನಡೆಸಿದ ಡಕೋಟಾ ವಿಮಾನದಲ್ಲಿ ಕೂತು, ಹಿಮಾಲಯದ ಸಾಲನ್ನು ದಾಟಿ, ಹನ್ನೊಂದು ಸಾವಿರ ಅಡಿಗೂ ಎತ್ತರದ ಮರಳುಪಟ್ಟಿಯಲ್ಲಿ ಇಳಿದರು. ಆ ಎತ್ತರಕ್ಕೆ ತಕ್ಕ ಸಲಕರಣೆಗಳಿಲ್ಲದ ವಿಮಾನವದು.

ಲೇಹ್‌ಗೆ ಹೋಗುವ ನೆಲದ ದಾರಿ ಮಾತ್ರ ಜೋಜಿ ಲಾ ಕಣಿವೆಬಾಯಿಯಲ್ಲಿ ಕಟ್ಟಿಹೋಗಿತ್ತು. ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಆ ಜಾಗದಲ್ಲಿ ಬಂಡೆಗಳ ಸಂದಿಯಲ್ಲಿ ಶತ್ರು ಬೀಡುಬಿಟ್ಟಿದ್ದ. ಸೆಪ್ಟೆಂಬರ್‌ನಲ್ಲಿ ಪದಾತಿ ಪಡೆ ನಡೆಸಿದ ದಾಳಿಗಳು ಫಲಿಸಲಿಲ್ಲ. ಚಳಿಗಾಲ ಬಾಗಿಲಲ್ಲಿತ್ತು. ಆಗ ತಿಮ್ಮಯ್ಯ ಯಾರೂ ನಿರೀಕ್ಷಿಸದ ನಿರ್ಧಾರಕ್ಕೆ ಬಂದರು: ಕಣಿವೆಯ ಮೇಲಕ್ಕೆ ಟ್ಯಾಂಕು ಹತ್ತಿಸುವುದು.

ಹತ್ತಿಸಲು ದಾರಿ ಬೇಕಲ್ಲ? ಬಾಲ್ಟಾಲ್‌ನಿಂದ ಮೇಲಕ್ಕಿದ್ದದ್ದು ಹೇಸರಗತ್ತೆಯ ಕಾಲುಹಾದಿ. ಅದನ್ನು ಕಡಿದು ಅಗಲ ಮಾಡಿ ಟ್ಯಾಂಕಿನ ಹಾದಿಯಾಗಿಸಿದವರು ಮದ್ರಾಸ್ ಸ್ಯಾಪರ್ಸ್, ಸೇನೆಯಲ್ಲಿ ಎಲ್ಲರೂ ಅಕ್ಕರೆಯಿಂದ ‘ತಂಬಿಗಳು’ ಎಂದು ಕರೆಯುವ ದಕ್ಷಿಣದ ಹುಡುಗರು. ಇವರ ತವರು ಹಲಸೂರು ಕೆರೆಯ ಪಕ್ಕದ ಬ್ಯಾರಕ್ಕುಗಳು. ಮೇಜರ್ ತಂಗರಾಜು ಅವರ ಮುಂದಾಳ್ತನದಲ್ಲಿ, ಬಯಲುಸೀಮೆಯ ಬಿಸಿಲು ಕಂಡು ಬೆಳೆದ ಈ ಜನ ಕೊರೆಯುವ ಚಳಿಯಲ್ಲಿ, ಶತ್ರುವಿನ ಗುಂಡಿನ ನಡುವೆ ಬಂಡೆ ಒಡೆದರು. ಇತ್ತ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಗುಟ್ಟಾಗಿ ಬಂದವು. ಇವು ಅಮೆರಿಕದಲ್ಲಿ ತಯಾರಾದ ಹಗುರ ಟ್ಯಾಂಕುಗಳು. ಸುಳಿವು ಹತ್ತಬಾರದೆಂದು, ಸೇತುವೆಗಳ ಮೇಲೆ ಭಾರವಾಗಬಾರದೆಂದು ಅವುಗಳ ಮೇಲ್ಗೋಪುರ ಬಿಚ್ಚಿ ಸಾಗಿಸಿದ್ದರು.

1948ರ ನವೆಂಬರ್ 1ರಂದು ಹಿಮದ ಮಬ್ಬಿನೊಳಗಿಂದ ಟ್ಯಾಂಕುಗಳು ಜೋಜಿ ಲಾ ಏರಿದವು. ತಿಮ್ಮಯ್ಯ ಮುಂಚೂಣಿಯಲ್ಲೇ ಇದ್ದರು. ಬಂಡೆಯ ಮರೆಯಲ್ಲಿದ್ದವರು ದಿಕ್ಕೆಟ್ಟು ಓಡಿದರು. ಅದೇ ತಿಂಗಳಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಕೈಗೆ ಬಂದು, ಲೇಹ್ ದಾರಿ ತೆರೆಯಿತು. ಅಷ್ಟು ಎತ್ತರದಲ್ಲಿ ಟ್ಯಾಂಕು ಕಾದಾಡಿದ್ದು ಲೋಕದಲ್ಲಿ ಅದೇ ಮೊದಲು.

ಪನ್ಮುಂಜೊಮ್‌ನ ಕಗ್ಗಂಟು

ಕೊರಿಯಾ ಯುದ್ಧದ ಸಂಧಾನ ಒಂದು ವರ್ಷಕ್ಕೂ ಹೆಚ್ಚು ಕಾಲ ಒಂದೇ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು: ಊರಿಗೆ ಮರಳಲು ಒಪ್ಪದ ಕೈದಿಗಳನ್ನು ಏನು ಮಾಡುವುದು? ಎಲ್ಲರನ್ನೂ ಕಳಿಸಲೇಬೇಕು ಎಂದು ಚೀನಾ ಮತ್ತು ಉತ್ತರ ಕೊರಿಯಾ ಪಟ್ಟು ಹಿಡಿದವು. ಮನಸ್ಸಿಲ್ಲದವರನ್ನು ಬಲವಂತವಾಗಿ ಅಟ್ಟುವುದಿಲ್ಲ ಎಂದು ಅಮೆರಿಕ. ಮಾತು ಮುರಿದು ಬಿದ್ದಷ್ಟೂ ದಿನ ರಣರಂಗದಲ್ಲಿ ಹೆಣ ಬೀಳುತ್ತಲೇ ಇದ್ದವು. 1952ರ ಕೊನೆಗೆ ವಿ.ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಮಂಡಿಸಿದ ಭಾರತದ ಸಲಹೆ ನಡುದಾರಿಯೊಂದನ್ನು ತೋರಿಸಿತು. ತಟಸ್ಥ ರಾಷ್ಟ್ರಗಳ ಆಯೋಗವೊಂದು ಕೈದಿಗಳನ್ನು ವಶಕ್ಕೆ ಪಡೆದು, ಅವರ ಮನದ ಮಾತು ಕೇಳಲಿ ಎಂಬುದು ಅದರ ತಿರುಳು. 1953ರ ಜುಲೈ 27ರಂದು ಕದನವಿರಾಮವಾಯಿತು. ಅಮೆರಿಕದ ಜನರಲ್ ಮಾರ್ಕ್ ಕ್ಲಾರ್ಕ್ ಅದಕ್ಕೆ ಸಹಿ ಹಾಕಿದರು.

ಆಯೋಗದಲ್ಲಿ ಐದು ದೇಶ. ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯ ಕಮ್ಯುನಿಸ್ಟ್ ಬಣಕ್ಕೆ ಹತ್ತಿರ. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಪಶ್ಚಿಮಕ್ಕೆ ಹತ್ತಿರ. ಅಧ್ಯಕ್ಷ ಸ್ಥಾನದಲ್ಲಿ ಭಾರತದ ತಿಮ್ಮಯ್ಯ. ಬಹುಮತದ ತೀರ್ಮಾನವೆಂದರೆ ಇವರ ಒಂದು ಮತವೇ ನಿರ್ಣಾಯಕ. ಕೈದಿಗಳನ್ನು ಕಾಯುವ ಪಡೆ ಪೂರ್ತಿ ಭಾರತದ್ದೇ.

ತೊಡಕು ಮೊದಲ ದಿನದಿಂದಲೇ ಶುರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತದ ಸೈನಿಕರು ತಮ್ಮ ನೆಲ ತುಳಿಯಕೂಡದು ಎಂದರು. ಹೀಗಾಗಿ ಇಂಚಾನ್ ಬಂದರಿನವರೆಗೆ ಹಡಗಿನಲ್ಲಿ ಬಂದ ನಮ್ಮ ಸೈನಿಕರನ್ನು ಅಮೆರಿಕದ ಹೆಲಿಕಾಪ್ಟರುಗಳು ಸಮುದ್ರದಿಂದಲೇ ಎತ್ತಿಕೊಂಡು ನಿಸ್ಸೇನಾ ವಲಯದಲ್ಲಿ ಇಳಿಸಿದವು. ಶಿಬಿರಕ್ಕೆ ಹಿಂದ್‌ನಗರ ಎಂದು ಹೆಸರಿಟ್ಟರು. ಅಮೆರಿಕದ ಕಡೆಯಿಂದ ಇವರ ವಶಕ್ಕೆ ಬಂದವರು ಇಪ್ಪತ್ತೆರಡು ಸಾವಿರಕ್ಕೂ ಮೀರಿದ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು. ಇನ್ನೊಂದು ಕಡೆಯಿಂದ 359 ಮಂದಿ, ಅವರಲ್ಲಿ 23 ಜನ ಅಮೆರಿಕನ್ನರು.

ಪ್ರತಿ ಕೈದಿಗೂ ಅವನ ದೇಶದ ಪ್ರತಿನಿಧಿ ಊರಿಗೆ ಬಾ ಎಂದು ವಿವರಿಸಿ ಹೇಳಲು 90 ದಿನದ ಅವಧಿ ಇತ್ತು. ಕೈದಿಗಳ ಒಳಗೇ ಇದ್ದ ಕಟ್ಟಾ ನಾಯಕರು ಜನ ವಿವರಣೆಯ ಡೇರೆಗೆ ಹೋಗದಂತೆ ತಡೆದರು, ಹೆದರಿಸಿದರು, ಹೊಡೆದರು. ಬಂದವರೂ ಕೂಗಾಡಿ ಕುರ್ಚಿ ಎಸೆದರು. ಹೀಗಾಗಿ 90ರಲ್ಲಿ ಹತ್ತು ದಿನ ಮಾತ್ರ ವಿವರಣೆ ನಡೆಯಿತು. ಅಕ್ಟೋಬರ್ ಮೊದಲಲ್ಲಿ ಕೈದಿಗಳು ಬೇಲಿ ಮುರಿಯಲು ನುಗ್ಗಿದಾಗ ಕಾವಲಿನವರು ಗುಂಡು ಹಾರಿಸಬೇಕಾಯಿತು, ಕೆಲವರು ಸತ್ತರು. ಆ ನೋವನ್ನು ಕಂಡ ಮೇಲೂ ತಿಮ್ಮಯ್ಯ ಬಲದ ದಾರಿ ಹಿಡಿಯಲಿಲ್ಲ. ಕೈದಿಗಳನ್ನು ಬಂದೂಕಿನ ತುದಿಯಲ್ಲಿ ಡೇರೆಗೆ ತಳ್ಳಿರಿ ಎಂದು ಒಂದು ಬಣ ಒತ್ತಾಯಿಸಿತು. ಹಾಗೆ ಮಾಡಿದ್ದರೆ ನೂರಾರು ಹೆಣ ಬೀಳಬಹುದಿತ್ತು. ಕೈದಿ ಶತ್ರುವಲ್ಲ, ತನ್ನ ಹೊಣೆಗೆ ಒಪ್ಪಿಸಿದ ಜೀವ ಎಂಬ ನಿಲುವನ್ನು ಅವರು ಬಿಡಲಿಲ್ಲ.

ಅವಧಿ ಮುಗಿಯಿತು. ವಿವರಣೆಯ ಕಾಲ ವಿಸ್ತರಿಸಬೇಕು ಎಂದು ಕಮ್ಯುನಿಸ್ಟ್ ಬಣ. ಜನವರಿ 22ಕ್ಕೆ ಎಲ್ಲರೂ ಸ್ವತಂತ್ರರೆಂದು ಸಾರಿ ಬಿಟ್ಟುಬಿಡಿ ಎಂದು ಅಮೆರಿಕ. ಇಬ್ಬರೂ ಒಪ್ಪದೆ ತನಗೆ ಬಿಡುಗಡೆ ಮಾಡುವ ಅಧಿಕಾರವಾಗಲಿ, ಇನ್ನಷ್ಟು ದಿನ ಹಿಡಿದಿಡುವ ಅಧಿಕಾರವಾಗಲಿ ಇಲ್ಲವೆಂದು ತಿಮ್ಮಯ್ಯ ಕಂಡುಕೊಂಡರು. 1954ರ ಜನವರಿ 20ರಿಂದ ಕೈದಿಗಳನ್ನು ಮೊದಲು ಒಪ್ಪಿಸಿದ್ದ ಕಡೆಗೇ ಮರಳಿ ಒಪ್ಪಿಸಿದರು. ಎರಡೂ ಬಣ ಅವರನ್ನು ಟೀಕಿಸಿದವು. ಪಕ್ಷಪಾತಿ ಪಂಚನನ್ನು ಒಂದು ಕಡೆಯವರಾದರೂ ಹೊಗಳುತ್ತಾರೆ. ಇವರಿಗೆ ಆ ಹೊಗಳಿಕೆಯೂ ಸಿಗಲಿಲ್ಲ ಎಂಬುದೇ ಇವರ ನಿಷ್ಪಕ್ಷಪಾತಕ್ಕೆ ಸಾಕ್ಷಿ.

23 ಅಮೆರಿಕನ್ ಕೈದಿಗಳಲ್ಲಿ ಇಬ್ಬರು ಮನಸ್ಸು ಬದಲಿಸಿ ತಾಯ್ನಾಡಿಗೆ ಹೋದರು, 21 ಮಂದಿ ಚೀನಾದ ದಾರಿ ಹಿಡಿದರು. ಎರಡೂ ಬಣ ಬೇಡವೆಂದ 88 ಮಂದಿ ಭಾರತದ ಪಡೆಯ ಜೊತೆಗೇ ಹಡಗು ಹತ್ತಿದರು. ಕೋಜೆಯಲ್ಲಿ ಹೊತ್ತಿದ್ದ ಕಿಚ್ಚು ಹಿಂದ್‌ನಗರದಲ್ಲಿ ಯುದ್ಧವನ್ನು ಮತ್ತೆ ಹೊತ್ತಿಸಬಹುದಿತ್ತು. ಹಾಗಾಗಲಿಲ್ಲ. ಆ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು.

ದೆಹಲಿ, ಆಮೇಲೆ ಸೈಪ್ರಸ್

1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ಕೊರಿಯಾದ ನಡುದಾರಿಗೆ ಬುನಾದಿ ಹಾಕಿದ್ದ ಕೃಷ್ಣ ಮೆನನ್ನರೇ ಈಗ ರಕ್ಷಣಾ ಮಂತ್ರಿ. ಸೇನೆಯ ಬಡ್ತಿಗಳ ವಿಚಾರದಲ್ಲಿ, ಚೀನಾ ಗಡಿಯ ಸಿದ್ಧತೆಯ ವಿಚಾರದಲ್ಲಿ ಇಬ್ಬರಿಗೂ ಹೊಂದಲಿಲ್ಲ. 1959ರ ಆಗಸ್ಟ್ ಕೊನೆಯಲ್ಲಿ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಮನವೊಲಿಸಿದ ಮೇಲೆ ಹಿಂದಕ್ಕೆ ಪಡೆದರು. ಸಂಸತ್ತಿನಲ್ಲಿ ಬಿರುಗಾಳಿ ಎದ್ದಿತು. 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಮರುವರ್ಷದ ಚೀನಾ ಯುದ್ಧ, ಆ ಭಿನ್ನಾಭಿಪ್ರಾಯವನ್ನು ಇಬ್ಬರು ವ್ಯಕ್ತಿಗಳ ಜಗಳವೆಂದು ತಳ್ಳಿಹಾಕಿದ್ದಕ್ಕೆ ದೇಶ ಎಷ್ಟು ಬೆಲೆ ತೆರಬೇಕಾಯಿತು ಎಂಬುದನ್ನು ತೋರಿಸಿತು.

ವಿಶ್ರಾಂತಿ ಬಹುಕಾಲ ದಕ್ಕಲಿಲ್ಲ. ಗ್ರೀಕರೂ ತುರ್ಕರೂ ಒಂದೇ ಊರಿನೊಳಗೆ ಗೋಡೆ ಕಟ್ಟಿಕೊಂಡು ಕಾದಾಡುತ್ತಿದ್ದ ಸೈಪ್ರಸ್‌ಗೆ 1964ರಲ್ಲಿ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತ್ತು. ಆ ಬೇಸಿಗೆಯಲ್ಲಿ ಅದರ ದಂಡನಾಯಕತ್ವ ತಿಮ್ಮಯ್ಯನವರಿಗೆ ಬಂತು. ಬ್ರಿಟನ್, ಕೆನಡ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರು ಅವರ ಆಜ್ಞೆಯಲ್ಲಿದ್ದರು. ಒಂದು ಕಾಲಕ್ಕೆ ಬ್ರಿಟಿಷ್ ಅಧಿಕಾರಿ ಭಾರತೀಯನ ಕೈಕೆಳಗೆ ದುಡಿಯಬಾರದೆಂದು ಎಂಟು ಘಟಕಗಳ ಬೇಲಿ ಹಾಕಿದ್ದ ಸಾಮ್ರಾಜ್ಯದ ಸೈನಿಕರು ಈಗ ಆ ಬೇಲಿಯೊಳಗಿಂದ ಬಂದ ಜನರಲ್‌ಗೆ ಸೆಲ್ಯೂಟ್ ಹೊಡೆದರು. ಆಗಸ್ಟ್‌ನಲ್ಲಿ ಟರ್ಕಿಯ ವಿಮಾನಗಳು ದ್ವೀಪದ ವಾಯವ್ಯ ತೀರದ ಮೇಲೆ ಬಾಂಬು ಸುರಿದವು. ದೊಡ್ಡ ಯುದ್ಧದ ಅಂಚಿನಲ್ಲಿದ್ದ ದ್ವೀಪದಲ್ಲಿ ಎರಡೂ ಸಮುದಾಯಗಳ ಮುಖಂಡರ ಮನೆಬಾಗಿಲಿಗೆ ಹೋಗಿ ಮಾತಾಡುವ ಕೊರಿಯಾದ ಕ್ರಮವನ್ನೇ ಅವರು ಮುಂದುವರಿಸಿದರು. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು, ಈ ಮಣ್ಣಿನಲ್ಲೇ ಇಟ್ಟರು. ಸೈಪ್ರಸ್ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ದಂಡಿನ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯ ರಸ್ತೆ ಎಂದು ಹೆಸರಿಟ್ಟಿದ್ದೇವೆ. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಇವೆಲ್ಲ ಸಲ್ಲಬೇಕಾದ ಗೌರವಗಳೇ. ಆದರೆ ನಮ್ಮ ಮಕ್ಕಳಿಗೆ ಅವರ ಕಥೆ ಹೇಳುವಾಗ ಜೋಜಿ ಲಾದ ಟ್ಯಾಂಕುಗಳಲ್ಲೇ ನಿಂತುಬಿಡುತ್ತೇವೆ. ಹಿಂದ್‌ನಗರಕ್ಕೂ ಸೈಪ್ರಸ್‌ಗೂ ಹೋಗುವುದೇ ಇಲ್ಲ. ಟ್ಯಾಂಕು ಹತ್ತಿಸುವುದಕ್ಕೆ ಬೇಕಾದ ಧೈರ್ಯ ದೊಡ್ಡದು. ಬಲ ಕೈಯಲ್ಲಿದ್ದೂ ಅದನ್ನು ತಡೆಹಿಡಿದು, ಇಬ್ಬರ ಬೈಗುಳವನ್ನೂ ಉಂಡು, ಪರದೇಶದ ಕೈದಿಯ ಪ್ರಾಣವನ್ನು ತನ್ನ ಸೈನಿಕನ ಪ್ರಾಣದಷ್ಟೇ ಜೋಪಾನ ಮಾಡುವ ಧೈರ್ಯ ಅದಕ್ಕಿಂತ ದೊಡ್ಡದು. ಈ ಎರಡೂ ಒಬ್ಬನೇ ದಂಡನಾಯಕನಲ್ಲಿ ಕೂಡಿದ್ದವು. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಇಂದಿಗೂ ಲೋಕದ ಮೂಲೆಮೂಲೆಗೆ ಹೋಗುವ ಭಾರತದ ಸೈನಿಕರು ನಡೆಯುತ್ತಿರುವುದು ಅವರೂ ಥೋರಾತರೂ ಪನ್ಮುಂಜೊಮ್‌ನಲ್ಲಿ ಕಡಿದ ದಾರಿಯಲ್ಲಿ. ಶಾಲೆಯ ಪಾಠದಲ್ಲಿ ಜೋಜಿ ಲಾಕ್ಕೆ ಒಂದು ಪುಟ ಕೊಟ್ಟರೆ ಹಿಂದ್‌ನಗರಕ್ಕೆ ಎರಡು ಪುಟ ಕೊಡಬೇಕು. ಆಗಲೇ ಜನರಲ್ ತಿಮ್ಮಯ್ಯನವರನ್ನು ನಾವು ಪೂರ್ತಿಯಾಗಿ ಅರಿತಂತೆ.